ಮೊದಲು ಹೊಲ ಕೇಳಿ, ಆಮೇಲೆ ತಪ್ಪಲ ಕೀಳಿ

ನನ್ನ ತಂಗಿಯ ಮಗಳು ನವನಗರದಲ್ಲಿ ಇರುತ್ತಾಳೆ. ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪಿನಲ್ಲಿ ಗಿಡದ ಫೋಟೊ ಬರುತ್ತದೆ. ಕೆಳಗೆ ಒಂದೇ ಸಾಲು: "ದೊಡ್ಡವ್ವ, ಇದನ್ನ ತಿನ್ನಬಹುದೇನ?" ನನ್ನ ಉತ್ತರವೂ ಒಂದೇ: "ಎಲ್ಲಿ ಕಿತ್ತಿ, ಮೊದಲ ಅದನ್ನ ಹೇಳು." ಅವಳಿಗೆ ಇದು ತಲೆಹರಟೆ ಅನ್ನಿಸುತ್ತದೆ. ಆದರೆ ಗಿಡ ಯಾವುದು ಅನ್ನುವುದು ಎರಡನೆಯ ಪ್ರಶ್ನೆ. ಅದು ಯಾವ ನೆಲದಲ್ಲಿ ನಿಂತಿತ್ತು, ಆ ನೆಲಕ್ಕೆ ಈ ವರ್ಷ ಏನು ಬಿದ್ದಿದೆ ಅನ್ನುವುದು ಮೊದಲನೆಯದು.

ನಮ್ಮ ಕಡೆ ಸೊಪ್ಪಿಗೆ ತಪ್ಪಲ ಅನ್ನುತ್ತೇವೆ, ಒಲೆ ಏರಿದರೆ ಅದೇ ಪಲ್ಯ. ಮೆಂತ್ಯ, ಸಬ್ಬಸಗಿ, ಪಾಲಕ ಬಿತ್ತಿ ಬೆಳೆಯುವ ತಪ್ಪಲ. ಅವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಯಾರೂ ಬಿತ್ತದೆ ಎದ್ದು ಬರುವ ಗೋಳಿ, ಕಿರಕಸಾಲಿ, ಹತ್ತರಕಿ, ಅಣ್ಣೆ. ಕಾಳಿಗಾಗಿ ಬಿತ್ತಿದ ಕಡಲೆ, ಕುಸುಬಿಯ ಎಳೆ ಕುಡಿ. ಹಿತ್ತಲಲ್ಲಿ ಸುಮ್ಮನೆ ನಿಂತ ನುಗ್ಗಿ, ಚೊಗಚಿ ಮರದ ಎಲೆ: ಈ ಲೇಖನ ಇವುಗಳದ್ದು. ಬಾಗಲಕೋಟೆ, ವಿಜಯಪುರದ ಎರಿ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲಿ ಇವು ಇನ್ನೂ ಸಿಗುತ್ತವೆ, ಮೊದಲಿನಷ್ಟು ಅಲ್ಲ.

ಹೊಲದ ವಿಚಾರಣೆ

ಹತ್ತು ಹನ್ನೆರಡು ವರ್ಷದ ಹಿಂದೆ ಬೀಳಗಿ ಕಡೆಯ ಒಂದು ಕಬ್ಬಿನ ಹೊಲದ ಬದುವಿನಲ್ಲಿ ರಾಜಗಿರಿ ಸೊಂಪಾಗಿ ಬೆಳೆದು ನಿಂತಿತ್ತು. ನಾನು ಉಡಿ ಕಟ್ಟಿ ಬಗ್ಗಿದ್ದೆ. ಆಚೆ ಹೊಲದಲ್ಲಿ ಕಸ ತೆಗೆಯುತ್ತಿದ್ದ ಹಿರಿಯಾಕಿ ಕೂಗಿದಳು: "ಯವ್ವಾ, ಅದಕ್ಕ ಕೈ ಹಚ್ಚಬ್ಯಾಡ. ಮೊನ್ನಿ ಕಸದ ಎಣ್ಣಿ ಹೊಡ್ಯಾರ." ಕಸದ ಎಣ್ಣೆ ಅಂದರೆ ಕಳೆನಾಶಕ. ಆಗ ಸರಿಯಾಗಿ ನೋಡಿದೆ. ದಂಟುಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದ್ದವು, ಕುಡಿ ಎಲೆ ಮುದುಡಿತ್ತು. 2,4-ಡಿ ಎಂಬ ಕಸದ ಎಣ್ಣೆ ಬಿದ್ದ ಗಿಡದ ಗುರುತು ಅದೇ. ಅಟ್ರಾಜಿನ್ ಎಂಬ ಇನ್ನೊಂದು ಬಿದ್ದಿದ್ದರೆ ಎಲೆಯ ಅಂಚು ಹಳದಿಯಾಗಿ ಒಣಗುತ್ತ ಬರುತ್ತದೆ. ಆದರೆ ಹೊಡೆದ ಮೊದಲ ಒಂದೆರಡು ದಿನ ಯಾವ ಗುರುತೂ ಕಾಣುವುದಿಲ್ಲ. ಆದ್ದರಿಂದ ಕಣ್ಣು ನಂಬಬೇಡಿ, ಹೊಲದವರನ್ನು ಕೇಳಿ.

ಕೇಳಬೇಕಾದದ್ದು ಇಷ್ಟು. ಈ ಹಂಗಾಮಿನಲ್ಲಿ ಕಸದ ಎಣ್ಣೆ ಹೊಡೆದಿದ್ದಾರೆಯೇ? ಹುಳದ ಎಣ್ಣೆ ಹೊಡೆದಿದ್ದಾರೆಯೇ? ಪಕ್ಕದ ಹೊಲದವರು ಗಾಳಿಗೆ ಎದುರಾಗಿ ಪಂಪು ಹಿಡಿಯುತ್ತಾರೆಯೇ? ಬಾಟಲಿಯ ಮೇಲೆ ಬರೆದ ಕಾಯುವ ದಿನಗಳನ್ನು ಹಿಡಿದು ಲೆಕ್ಕ ಹಾಕುವವರಿದ್ದಾರೆ. ಆ ದಿನಗಳು ಬೆಳೆಗೆ ಲೆಕ್ಕ ಹಾಕಿದ್ದು, ಕಸಕ್ಕೆ ಅಲ್ಲ. ಕಸದ ಎಣ್ಣೆಯ ಕೆಲಸವೇ ನಾವು ತಿನ್ನಹೊರಟ ಎಲೆಯೊಳಗೆ ಇಳಿಯುವುದು. ತೊಳೆದರೂ ಉಪ್ಪುನೀರಲ್ಲಿ ಅದ್ದಿದರೂ ಒಳಗಿನದು ಹೋಗುವುದಿಲ್ಲ. ನನ್ನ ನಿಯಮ ಸರಳ: ಎಣ್ಣೆ ಕಂಡ ಹೊಲದಲ್ಲಿ ಆ ಹಂಗಾಮು ಪೂರ್ತಿ ತಪ್ಪಲ ಕೀಳುವುದಿಲ್ಲ. ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಸುತ್ತಿನ ಕಬ್ಬಿನ ನೆಲ, ತಿಕೋಟಾ ಕಡೆಯ ದ್ರಾಕ್ಷಿ ತೋಟ ಇವುಗಳ ಒಳಗೂ ಅಂಚಿಗೂ ಹೋಗುವುದೇ ಬೇಡ. ಮಳೆಯಾಶ್ರಿತ ಜೋಳ, ಕಡಲೆ, ತೊಗರಿ ಹೊಲ ಇದ್ದುದರಲ್ಲಿ ವಾಸಿ, ಅಲ್ಲಿಯೂ ಕೇಳಿದ ಮೇಲೆ.

ಊರಿನ ಗಟಾರದ ಅಂಚು, ಹೆದ್ದಾರಿಯ ಬದಿ, ಹಳೆ ಬ್ಯಾಟರಿ ಎಸೆದ ಜಾಗ ಕೂಡ ಬೇಡ. ತಿಪ್ಪೆಯ ಮೇಲಿನ ರಾಜಗಿರಿ ಕಪ್ಪು ಹಸಿರಾಗಿ, ಅಂಗೈ ಅಗಲ ಎಲೆ ಬಿಟ್ಟು ಕರೆಯುತ್ತದೆ. ಆ ಸೊಕ್ಕೇ ತೊಂದರೆ. ಗೊಬ್ಬರ ಅತಿಯಾದಲ್ಲಿ ಈ ಜಾತಿಯ ಗಿಡ ನೈಟ್ರೇಟನ್ನು ಎಲೆಯಲ್ಲಿ ತುಂಬಿಕೊಳ್ಳುತ್ತದೆ, ಕೈಗೂಸುಗಳಿಗೆ ಅದು ಆಗಿಬರುವುದಿಲ್ಲ.

ಐದೇ ಐದು ಗಿಡ ಕಲಿಯಿರಿ

ಮೊದಲ ವರ್ಷ ಇಪ್ಪತ್ತು ಗಿಡ ಕಲಿಯಲು ಹೋದವರು ಎರಡನೆಯ ವರ್ಷ ಒಂದನ್ನೂ ಧೈರ್ಯದಿಂದ ಕೀಳುವುದಿಲ್ಲ. ಐದು ಸಾಕು. ಮೊಬೈಲಿನ ಗಿಡ ಗುರುತಿಸುವ ಆ್ಯಪ್ ಹೆಸರಿನ ಸುಳಿವು ಕೊಡಬಹುದು, ತಿನ್ನಲು ಅಪ್ಪಣೆ ಕೊಡಲಾರದು. ಕಸ ತೆಗೆಯಲು ಹೋಗುವ ಹೆಂಗಸರ ಜೊತೆ ಎರಡು ದಿನ ಕುರ್ಪಿ ಹಿಡಿದು ಕೂತರೆ ಕೈಗೇ ಗುರುತು ಹತ್ತುತ್ತದೆ. ಅನುಮಾನ ಬಂದ ಗಿಡವನ್ನು ಬೇರು ಸಮೇತ ಕಿತ್ತು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಎಲೆ ಒಂದನ್ನೇ ಒಯ್ದರೆ ಅವರಿಗೂ ಕಷ್ಟ. ಹೂವು, ಕಾಯಿ, ಬೇರು ಎಲ್ಲ ಇರಬೇಕು.

ಗೋಳಿ. ಮೊದಲ ಮಳೆ ಬಿದ್ದ ಹದಿನೈದು ದಿನಕ್ಕೆ ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಕೆಂಪು ಛಾಯೆಯ ನುಣುಪು ದಂಟು, ದಪ್ಪ ಪುಟ್ಟ ಎಲೆ, ಹಳದಿ ಹೂವು. ಮುರಿದರೆ ನೀರು ಬರುತ್ತದೆ, ಹಾಲು ಬರುವುದಿಲ್ಲ. ಇದರ ಹಾಗೆಯೇ ನೆಲಕ್ಕೆ ಹರಡುವ ಇನ್ನೊಂದು ಕಸ ಇದೆ, ಮುರಿದ ಕೂಡಲೇ ಬಿಳಿ ಹಾಲು ಒಸರುತ್ತದೆ, ಎಲೆ ತೆಳು. ಅದು ವಿಷದ ಜಾತಿ, ಎಸೆಯಿರಿ. ಮೂರನೆಯದೊಂದಿದೆ, ನಾನು ಮೋಸ ಹೋದದ್ದು ಅದಕ್ಕೇ. ಗೋಳಿಯಂತೆಯೇ ದಪ್ಪ ಎಲೆ, ಹಾಲೂ ಇಲ್ಲ. ಆದರೆ ಎಲೆಗಳು ಎದುರುಬದುರು ಜೋಡಿಯಾಗಿದ್ದು ಜೋಡಿಯಲ್ಲಿ ಒಂದು ದೊಡ್ಡದು, ಒಂದು ಸಣ್ಣದು. ಹೂವು ಹಳದಿಯಲ್ಲ, ಬಿಳಿ ಇಲ್ಲವೇ ನಸುಗೆಂಪು, ಎಲೆಯ ಕಂಕುಳಲ್ಲಿ ಅಡಗಿರುತ್ತದೆ. ಬಲಿತ ಆ ಗಿಡವನ್ನು ಗೋಳಿ ಎಂದು ಬೇಳೆಗೆ ಹಾಕಿ ಉಂಡು, ಮನೆಮಂದಿಯೆಲ್ಲ ರಾತ್ರಿಯಿಡೀ ಚೊಂಬು ಹಿಡಿದು ಓಡಾಡಿದೆವು. ನಮ್ಮ ಅತ್ತಿ ಇವತ್ತಿಗೂ ನಾನು ತಂದ ತಪ್ಪಲವನ್ನು ಒಮ್ಮೆ ಹರವಿ ನೋಡದೆ ಒಲೆಗೆ ಇಡುವುದಿಲ್ಲ.

ಗೋಳಿಯ ಒಂದು ಸೋಜಿಗ ಹೇಳಲೇಬೇಕು. ಬಿಸಿಲು ಹೆಚ್ಚಾಗಿ ನೀರು ಕಡಿಮೆಯಾದಾಗ ಈ ಗಿಡ ರಾತ್ರಿ ಹೊತ್ತು ಗಾಳಿ ಎಳೆದುಕೊಂಡು ಎಲೆಯಲ್ಲಿ ಹುಳಿ ಮಾಡಿ ಇಟ್ಟುಕೊಳ್ಳುತ್ತದೆ, ಹಗಲು ಅದನ್ನು ಖರ್ಚು ಮಾಡುತ್ತದೆ. ಆದ್ದರಿಂದ ಬೆಳಿಗ್ಗೆ ಕಿತ್ತ ಗೋಳಿ ಹುಳಿ, ಸಂಜೆಯದು ಸಪ್ಪೆ. ಬೇಳೆಗೆ ಹುಣಸೆ ಹಾಕದೆ ಮಾಡಬೇಕೆಂದರೆ ಬೆಳಗ್ಗೆ ಹೋಗಿ.

ಕಿರಕಸಾಲಿ. ರಾಜಗಿರಿಯ ಬಡ ತಂಗಿ. ಸಣ್ಣ ಎಲೆ, ಗಿಡ್ಡ ಗಿಡ, ರುಚಿಯಲ್ಲಿ ಮಾತ್ರ ಅಕ್ಕನನ್ನು ಮೀರಿಸುತ್ತದೆ. ಮಳೆಗಾಲ ಪೂರ್ತಿ ಸಿಗುತ್ತದೆ. ಕೀಳುವಾಗ ನಡುವೆ ಮದಗುಣಕಿಯ, ಅಂದರೆ ದತ್ತೂರಿಯ ಸಸಿ ಸೇರದಂತೆ ನೋಡಿ. ದತ್ತೂರಿ ಎಲೆ ಉಜ್ಜಿದರೆ ಕೆಟ್ಟ ವಾಸನೆ ಬರುತ್ತದೆ. ಗುಂಪಾಗಿ ಕೊಯ್ಯದೆ ಒಂದೊಂದೇ ಕುಡಿ ಚಿವುಟಿದರೆ ಈ ಭಯವಿಲ್ಲ.

ಹತ್ತರಕಿ. ಕೆಲವು ಊರಲ್ಲಿ ಹಕ್ಕರಿಕಿ. ಹಿಂಗಾರಿ ಜೋಳದ ಎರಿ ಹೊಲದಲ್ಲಿ ಚಳಿಗಾಲದ ಹೊತ್ತಿಗೆ ನೆಲಕ್ಕೆ ಚಕ್ರದಂತೆ ಎಲೆ ಹಾಸಿ ಕೂರುತ್ತದೆ. ಎಲೆಯ ಅಂಚು ಗರಗಸ, ಹೂವು ಹಳದಿ, ರುಚಿ ನಸುಗಹಿ. ಮುರಿದರೆ ಇದಕ್ಕೂ ಹಾಲು! ಹಾಲು ಬಂದರೆ ವಿಷ ಎನ್ನುವ ಸೂತ್ರ ಗೋಳಿಯ ಮುಂದೆ ನಡೆಯುತ್ತದೆ, ಹತ್ತರಕಿಯ ಮುಂದೆ ನಡೆಯುವುದಿಲ್ಲ. ಒಂದು ಗಿಡಕ್ಕೆ ಕಲಿತ ಗುರುತನ್ನು ಇನ್ನೊಂದಕ್ಕೆ ಹಚ್ಚಬಾರದು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹತ್ತರಕಿಯನ್ನು ಬೇಯಿಸುವುದು ಪಾಪ. ಹಸಿಯಾಗಿಯೇ, ಬಿಸಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ ಜೊತೆ ತಿನ್ನಬೇಕು.

ಕಡಲೆ ಕುಡಿ. ಇದನ್ನು ಗುರುತಿಸುವ ಕಷ್ಟವಿಲ್ಲ, ನೀವೇ ಬಿತ್ತಿದ್ದು. ಬಿತ್ತಿ ತಿಂಗಳಾದ ಮೇಲೆ ಕುಡಿ ಚಿವುಟಿದರೆ ಗಿಡ ಪಕ್ಕಕ್ಕೆ ಕವಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ, ಮನೆಗೆ ಪಲ್ಯವೂ ಆಯಿತು. ಹೂವು ಬಂದ ಮೇಲೆ ಚಿವುಟಬೇಡಿ. ಆಗ ಇಳುವರಿಗೆ ಹೊಡೆತ, ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವ ಕಾಲವೂ ಅದೇ. ಎಲೆಯ ಮೇಲಿನ ಸಣ್ಣ ಕೂದಲು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಒಸರುತ್ತವೆ, ಆ ಹುಳಿಗೆ ಬೆರಳು ಬಿರಿಯುತ್ತವೆ, ಮೊಣಕಾಲ ಕೆಳಗೆ ಉರಿಯುತ್ತದೆ. ಹೊಲಕ್ಕೆ ಇಳಿಯುವ ಹೆಂಗಸರು ಕಾಲಿಗೆ ಹಳೆ ಅರಿವೆ ಸುತ್ತಿಕೊಳ್ಳುವುದು ಇದಕ್ಕೆ. ಹಿಂದೆ ಇಬ್ಬನಿ ಬಿದ್ದ ನಸುಕಿನಲ್ಲಿ ಬಿಳಿ ಬಟ್ಟೆ ಹಾಸಿ ಈ ಹುಳಿಯನ್ನು ಹಿಂಡಿ ಬಾಟಲಿಯಲ್ಲಿ ಇಡುತ್ತಿದ್ದರು, ಅಜೀರ್ಣಕ್ಕೆ ಮದ್ದು.

ಕುಸುಬಿ. ಸಾಲು ತೆಳ್ಳಗೆ ಮಾಡುವಾಗ ಕಿತ್ತ ಸಸಿಯೇ ಪಲ್ಯ. ಮುಳ್ಳು ಮೂಡುವ ಮುಂಚೆ ಮಾತ್ರ. ತಡ ಮಾಡಿದರೆ ಗಂಟಲಿಗೆ ಚುಚ್ಚುತ್ತದೆ, ಅಷ್ಟೇ ವಿಷಯ.

ಈ ಐದು ಕೈಗೆ ಹತ್ತಿದ ಮೇಲೆ ಅಣ್ಣೆ, ಹೊನಗನ್ನಿ, ಚಿಗುರು ಹುಣಸೆ ಎಂದು ಒಂದೊಂದೇ ಸೇರಿಸಿ. ದನ ತಿನ್ನುತ್ತದೆ, ನಾವೂ ತಿನ್ನಬಹುದು ಎನ್ನುವ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ. ಆಡು ಎಕ್ಕೆ ಎಲೆಯನ್ನೂ ತಿಂದು ಆರಾಮಾಗಿ ಓಡಾಡುತ್ತದೆ. ಹಾಗೆಯೇ ಕಾಂಗ್ರೆಸ್ ಕಸ ದಟ್ಟವಾಗಿದ್ದಲ್ಲಿ ಬರಿಗೈ ಹಾಕಬೇಡಿ, ಕೆಲವರ ಚರ್ಮಕ್ಕೆ ಅದು ತಿಂಗಳುಗಟ್ಟಲೆ ತುರಿಕೆ ಹಚ್ಚುತ್ತದೆ.

ಎಲೆಯಲ್ಲಿ ಇರುವುದು, ಹೊಟ್ಟೆಗೆ ದಕ್ಕುವುದು

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ 528 ಆಹಾರಗಳ ಪಟ್ಟಿ ಹೊರತಂದಿತು. ಅದರ ಪ್ರಕಾರ 100 ಗ್ರಾಂ ಹಸಿ ಎಲೆಯಲ್ಲಿ ಇರುವ ಕ್ಯಾಲ್ಸಿಯಂ ನೋಡಿ: ಪಾಲಕದಲ್ಲಿ ಸುಮಾರು 80 ಮಿಲಿಗ್ರಾಂ, ನುಗ್ಗಿಯಲ್ಲಿ 300ಕ್ಕೂ ಮೇಲೆ, ರಾಜಗಿರಿಯ ಜಾತಿಯಲ್ಲಿ ಸುಮಾರು 330, ಚೊಗಚಿಯಲ್ಲಿ ಸುಮಾರು 900. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1000. ನುಗ್ಗಿ ಎಲೆಯಲ್ಲಿ 6 ಗ್ರಾಂ ಪ್ರೋಟೀನು, 100 ಮಿಲಿಗ್ರಾಂ ದಾಟುವ ವಿಟಮಿನ್ ಸಿ. ಪೇಟೆಯಲ್ಲಿ ದುಡ್ಡು ಕೊಟ್ಟು ಪಾಲಕ ತರುವವರ ಹಿತ್ತಲಲ್ಲೇ ನುಗ್ಗಿ ಮರ ಎಲೆ ಉದುರಿಸುತ್ತ ನಿಂತಿರುತ್ತದೆ! (ಚೊಗಚಿಯನ್ನು ದಕ್ಷಿಣದವರು ಅಗಸೆ ಅನ್ನುತ್ತಾರೆ. ನಮಗೆ ಅಗಸಿ ಎಂದರೆ ಎಣ್ಣೆಕಾಳು. ಮೈಸೂರಿನ ಕಡೆಯ ಅಡುಗೆ ವಿಡಿಯೊದಲ್ಲಿ ಅಗಸೆ ಸೊಪ್ಪು ಎಂದು ಕೇಳಿ ಎಣ್ಣೆಕಾಳಿನ ಹೊಲಕ್ಕೆ ಹೋಗಬೇಡಿ.)

ಆದರೆ ಪಟ್ಟಿಯ ಅಂಕಿ ಓದಿ ಹಿಗ್ಗುವ ಮುಂಚೆ ಒಂದು ಮಾತು. ಪಾಲಕ, ರಾಜಗಿರಿ, ಗೋಳಿಯಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ಹಾಲಿನ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ ಮೂವತ್ತರ ಹತ್ತಿರ ದಕ್ಕಿದರೆ ಪಾಲಕದ್ದರಲ್ಲಿ ಐದರಷ್ಟು ಮಾತ್ರ. ಆದ್ದರಿಂದ ಈ ತಪ್ಪಲ ಉಂಡೆವು, ಇನ್ನು ಹಾಲು ಮಜ್ಜಿಗೆ ಬೇಡ ಎನ್ನುವ ಲೆಕ್ಕ ತಪ್ಪು.

ಕಬ್ಬಿಣದ್ದೂ ಇದೇ ಕಥೆ. ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ರಾಜಗಿರಿಯಲ್ಲಿ, ನುಗ್ಗಿಯಲ್ಲಿ 100 ಗ್ರಾಮಿಗೆ ನಾಲ್ಕೂವರೆ ಆಸುಪಾಸು, ಅದರಲ್ಲಿ ರಕ್ತಕ್ಕೆ ಸೇರುವುದು ಸಣ್ಣ ಪಾಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ತಪ್ಪಲ ತಿಂದರೆ ಅದು ಹೋಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ನುಗ್ಗಿ ಪಲ್ಯ ಉಣ್ಣುವವರನ್ನು ಕಂಡಿದ್ದೇನೆ. ಗುಳಿಗೆಯೂ ಬೇಕು, ಪಲ್ಯವೂ ಬೇಕು.

ಗೋಳಿಯಲ್ಲಿ ಮೀನಿನೆಣ್ಣೆಯ ಒಮೇಗಾ-3 ಇದೆ ಎಂದು ಈಗ ಎಲ್ಲೆಡೆ ಹಾಡುತ್ತಾರೆ. ಇರುವುದು ಅದೇ ಬಳಗದ ಆಲ್ಫಾ ಲಿನೊಲೆನಿಕ್ ಆಮ್ಲ, 100 ಗ್ರಾಮಿಗೆ 300ರಿಂದ 400 ಮಿಲಿಗ್ರಾಂ. ಎಲೆಯ ಮಟ್ಟಿಗೆ ಅದು ದೊಡ್ಡದೇ. ಆದರೆ ನಮ್ಮ ಮನೆಯ ಒಂದು ಚಮಚ ಅಗಸಿ ಹಿಂಡಿಯಲ್ಲಿ ಅದಕ್ಕಿಂತ ಹೆಚ್ಚು ಇರುತ್ತದೆ. ಗೋಳಿಯನ್ನು ರುಚಿಗೆ ತಿನ್ನಿ.

ಒಲೆಯ ಮುಂದೆ

ಕಿತ್ತ ತಪ್ಪಲವನ್ನು ಹರವಿ, ಆರಿಸಿ, ಮೂರು ನೀರಲ್ಲಿ ತೊಳೆಯಿರಿ. ಎರಿ ಮಣ್ಣು ಎಲೆಯ ಬೆನ್ನಿಗೆ ಅಂಟಿಕೊಂಡಿರುತ್ತದೆ. ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ವಿಟಮಿನ್ ಸಿ ನೀರಿನ ಜೊತೆ ಗಟಾರಕ್ಕೆ ಹೋಗುತ್ತದೆ.

ಬೇಯಿಸಿ ನೀರು ಬಸಿಯಬೇಕೋ ಬೇಡವೋ ಎನ್ನುವುದು ಎಲೆಯ ಮೇಲೆ ನಿಂತಿದೆ. ಗೋಳಿ, ರಾಜಗಿರಿ, ಅಣ್ಣೆ ಇವನ್ನು ದಿನಾ ಉಣ್ಣುವವರು ಕುದಿನೀರಲ್ಲಿ ಒಂದು ಕುದಿ ಬರಿಸಿ ಬಸಿದರೆ ಕರಗುವ ಆಕ್ಸಲೇಟ್ ನೀರಿನ ಜೊತೆ ಬಹಳಷ್ಟು ಹೋಗುತ್ತದೆ. ವಾರಕ್ಕೊಮ್ಮೆ ಉಣ್ಣುವವರು ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೋಳಿಗೆ ಮೊಸರು ಕಲಸಿ ಪಚಡಿ ಮಾಡುವುದು ಇನ್ನೂ ಜಾಣತನ: ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಮೂತ್ರಪಿಂಡದವರೆಗೆ ಹೋಗಗೊಡುವುದಿಲ್ಲ. ನುಗ್ಗಿಯನ್ನು ಬಸಿಯಬೇಡಿ, ಬೇಳೆಯಲ್ಲೇ ಬೇಯಲಿ.

ಎಣ್ಣೆ ಜಿಪುಣತನ ಬೇಡ. ಹಸಿರು ಎಲೆಯಲ್ಲಿ ಇರುವ ಬೀಟಾ ಕ್ಯಾರೊಟಿನ್ ಕೊಬ್ಬು ಇಲ್ಲದೆ ದೇಹಕ್ಕೆ ಇಳಿಯುವುದಿಲ್ಲ. ಎರಡು ಚಮಚ ಶೇಂಗಾ ಎಣ್ಣೆಯ ಒಗ್ಗರಣೆ, ಮೇಲೆ ಒಂದು ಹಿಡಿ ಶೇಂಗಾ ಪುಡಿ. ಇದು ಬರೀ ರುಚಿಗಲ್ಲ. ಊಟಕ್ಕೆ ಕೂತಾಗ ಮೇಲೆ ಅರ್ಧ ಲಿಂಬೆ ಹಿಂಡಿ, ಬೇಯುವಾಗ ಅಲ್ಲ. ಜೋಳದ ರೊಟ್ಟಿಯಲ್ಲಿ ಇರುವ ಫೈಟೇಟ್ ಕಬ್ಬಿಣಕ್ಕೆ ಅಡ್ಡ ನಿಲ್ಲುತ್ತದೆ, ಲಿಂಬೆಯ ವಿಟಮಿನ್ ಸಿ ಆ ಅಡ್ಡಿಯನ್ನು ಸಡಿಲಿಸುತ್ತದೆ. 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಇಂಡಿ ಲಿಂಬೆ ನಮ್ಮ ಮಗ್ಗುಲಲ್ಲೇ ಇದೆ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಇಷ್ಟೂ ಮಾಡಿದ್ದು ವ್ಯರ್ಥ. ಒಂದು ತಾಸು ತಡೆಯಿರಿ. ಇದೊಂದು ಮಾತನ್ನು ನಮ್ಮ ಮನೆಯಲ್ಲಿ ನಾನು ಇಪ್ಪತ್ತು ವರ್ಷದಿಂದ ಹೇಳುತ್ತ ಸೋತಿದ್ದೇನೆ.

ಅಳತೆ ಕೇಳುವವರಿಗೆ: ದಿನಕ್ಕೆ ಒಬ್ಬರಿಗೆ 100 ಗ್ರಾಂ ಹಸಿ ತಪ್ಪಲ ಸಾಕು. ನೋಡಲು ಅದು ದೊಡ್ಡ ಎರಡು ಹಿಡಿ, ಬೆಂದರೆ ಒಂದು ಸಣ್ಣ ಬಟ್ಟಲೂ ಆಗುವುದಿಲ್ಲ. ಹೊಸ ಗಿಡವನ್ನು ಮೊದಲ ಸಲ ತಿನ್ನುವಾಗ ಎರಡು ತುತ್ತು ತಿಂದು ಮರುದಿನದವರೆಗೆ ಕಾಯಿರಿ. ಒಂದು ಸಲಕ್ಕೆ ಒಂದೇ ಹೊಸ ಗಿಡ. ಹೊಟ್ಟೆ ಕೆಟ್ಟರೆ ಯಾವುದರಿಂದ ಎಂದು ತಿಳಿಯಬೇಕಲ್ಲ.

ಯಾರು ತಡೆಯಬೇಕು

ಮೂತ್ರದಲ್ಲಿ ಹರಳು ಬಂದವರು ಗೋಳಿ, ರಾಜಗಿರಿ, ಕಡಲೆ ಕುಡಿಯಿಂದ ದೂರ ಇರಿ, ಇಲ್ಲವೇ ವೈದ್ಯರನ್ನು ಕೇಳಿ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ರಕ್ತ ತೆಳುವಾಗಲು ವಾರ್ಫರಿನ್ ಗುಳಿಗೆ ನುಂಗುವವರು ಎಲೆ ತರಕಾರಿಯನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ಎಲೆಯ ವಿಟಮಿನ್ ಕೆ ಆ ಔಷಧದ ವಿರುದ್ಧ ಕೆಲಸ ಮಾಡುತ್ತದೆ. ಬಸುರಿಯರು ಮನೆಯಲ್ಲಿ ಮೊದಲಿನಿಂದ ಉಂಡು ರೂಢಿಯಾದ ತಪ್ಪಲ ಬಿಟ್ಟು ಹೊಸದನ್ನು ಆಗ ಪ್ರಯೋಗಿಸಬೇಡಿ. ಮೂತ್ರಪಿಂಡದ ಕಾಯಿಲೆ ಇದ್ದವರಿಗೂ ಇದೇ ಮಾತು.

ಕಡಲೆ ಪಲ್ಯ ಒಣಗಿಸಿ ಇಡುವುದು

ಎರಿ ಹೊಲದ ತಪ್ಪಲ ಎರಡು ತಿಂಗಳ ನೆಂಟ. ಬೇಸಿಗೆಗೆ ಉಳಿಯುವುದು ಕಡಲೆಯದೊಂದೇ. ಚಿವುಟಿದ ಕುಡಿಯನ್ನು ತೊಳೆದು, ನೀರು ಆರಿಸಿ, ನೆರಳಲ್ಲಿ ಬಟ್ಟೆಯ ಮೇಲೆ ತೆಳ್ಳಗೆ ಹರವಿ. ಮಾಳಿಗೆಯ ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಹಸಿರಿನ ಜೊತೆ ಕ್ಯಾರೊಟಿನ್ನೂ ಸುಟ್ಟುಹೋಗುತ್ತದೆ. ದಿನಕ್ಕೆರಡು ಸಲ ಕೈಯಾಡಿಸುತ್ತ ನಾಲ್ಕೈದು ದಿನ ಬಿಟ್ಟರೆ ಮುಟ್ಟಿದ ಕೂಡಲೇ ಪುಡಿಯಾಗುವ ಹದ ಬರುತ್ತದೆ. ದಂಟು ಬಾಗಿದರೆ ಇನ್ನೂ ಒಣಗಿಲ್ಲ, ಡಬ್ಬಿಗೆ ಹಾಕಿದರೆ ಬೂಸಲು ಬರುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಒಲೆಯಿಂದ ದೂರ ಇಡಿ.

ಮಾಡುವಾಗ ಎರಡು ಹಿಡಿ ಒಣ ಎಲೆ, ಅರ್ಧ ಬಟ್ಟಲು ತೊಗರಿಬೇಳೆ, ಒಂದು ಚಮಚ ಜೋಳದ ನುಚ್ಚು ಸೇರಿಸಿ ಬೇಯಿಸಿ. ಹುಣಸೆ ಬೇಡ, ಎಲೆಯಲ್ಲೇ ಹುಳಿ ಇದೆ. ಇನ್ನೊಂದು ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಜಜ್ಜಿದ ಬಳ್ಳೊಳ್ಳಿ ಹತ್ತು ಎಸಳು, ಹಸಿಮೆಣಸಿನಕಾಯಿ ಖಾರ ಹಾಕಿ ಕೆಂಪಾದ ಮೇಲೆ ಬೆಂದದ್ದನ್ನು ಸುರಿಯಿರಿ. ಉಪ್ಪು ಕೊನೆಗೆ, ರುಚಿ ನೋಡಿ ಹಾಕಿ. ಒಣ ಎಲೆಗೆ ಹಸಿ ಎಲೆಯಷ್ಟು ಉಪ್ಪು ಹಿಡಿಸುವುದಿಲ್ಲ.